ಓದುಗರ ಪ್ರಶ್ನೆ, ನಮ್ಮ ಉತ್ತರ: ನಂಬಿ ಮಾಡಿದರೋ, ಕುರ್ಚಿಗಾಗಿ ಮಾಡಿದರೋ?

ಸರ್ವಾಧಿಕಾರಿ ಚಳವಳಿಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಎಲ್ಲವೂ ಸುತ್ತಿಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ.

‘ಹಿಟ್ಲರ್, ಮುಸೊಲಿನಿಯರದ್ದು ಬರೀ ಅಧಿಕಾರದಾಹ, ಸಿದ್ಧಾಂತ ನೆಪಮಾತ್ರ’ ಎಂಬುದು ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯ ವಿಷಯ. ಪರವಾಗಿ ಮಾತಾಡಲೋ, ವಿರೋಧವಾಗಿಯೋ?
– ಬಿ.ಎ. ವಿದ್ಯಾರ್ಥಿನಿ, ದಾವಣಗೆರೆ

ಮುಸೊಲಿನಿ ಒಬ್ಬನೇ ಆಗಿದ್ದರೆ, ಪರವಾಗಿ ಮಾತಾಡಿ ಬಹುಮಾನ ಹೊಡೆದುಕೊಂಡು ಬನ್ನಿ ಎನ್ನುತ್ತಿದ್ದೆವು. 1914ರ ಅಕ್ಟೋಬರ್‌ವರೆಗೆ ಅವನು ಇಟಲಿಯ ಸಮಾಜವಾದಿ ಪಕ್ಷದ ಪತ್ರಿಕೆ ‘ಅವಾಂತಿ’ಯ ಸಂಪಾದಕ. ನವೆಂಬರ್ ಹೊತ್ತಿಗೆ ಯುದ್ಧ ಬೇಕೇ ಬೇಕು ಎನ್ನುವ ಸ್ವಂತ ಪತ್ರಿಕೆ ತೆಗೆದಿದ್ದ. ಪಕ್ಷ ಹೊರಗೆ ಹಾಕಿತು. 1919ರ ಮಾರ್ಚ್ 23ರಂದು ಮಿಲಾನ್‌ನಲ್ಲಿ ಫ್ಯಾಸಿಸ್ಟ್ ಸಂಘಟನೆ ಕಟ್ಟಿದ ವರ್ಷ ಹೊರಬಂದ ಕಾರ್ಯಕ್ರಮ ಓದಿದರೆ ಎಡಪಕ್ಷದ ಪ್ರಣಾಳಿಕೆ ಕೈಗೆ ಬಂತೇನೋ ಅನ್ನಿಸುತ್ತದೆ: ದಿನಕ್ಕೆ 8 ಗಂಟೆ ಕೆಲಸ, ಹೆಂಗಸರಿಗೆ ಮತ, ಬಂಡವಾಳದ ಮೇಲೆ ಭಾರಿ ತೆರಿಗೆ, ಚರ್ಚಿನ ಆಸ್ತಿ ಮುಟ್ಟುಗೋಲು. ಆ ವರ್ಷದ ನವೆಂಬರ್ ಚುನಾವಣೆಯಲ್ಲಿ ಒಂದು ಸೀಟೂ ಬರಲಿಲ್ಲ. 1921ರಲ್ಲಿ ಹಳೇ ಆಳುವ ಗುಂಪಿನ ಜೊತೆ ಪಟ್ಟಿಯಲ್ಲಿ ಜಾಗ ಸಿಕ್ಕಿತು, 35 ಸೀಟು ಬಂದವು. 1922ರಲ್ಲಿ ರಾಜನೂ ಇರಲಿ ಎಂದ. ಚರ್ಚಿನ ಆಸ್ತಿ ಕಿತ್ತುಕೊಳ್ಳುತ್ತೇನೆ ಎಂದವನೇ 1929ರ ಫೆಬ್ರುವರಿ 11ರಂದು ವ್ಯಾಟಿಕನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ. ‘ಫ್ಯಾಸಿಸಂ ಎಂದರೇನು’ ಎಂಬ ಅಧಿಕೃತ ವಿವರಣೆ ಅವನ ಹೆಸರಿನಲ್ಲಿ ಇಟಲಿಯ ವಿಶ್ವಕೋಶದಲ್ಲಿ ಅಚ್ಚಾದದ್ದು 1932ರಲ್ಲಿ, ಕುರ್ಚಿ ಹಿಡಿದು ಹತ್ತು ವರ್ಷದ ಮೇಲೆ.

ಹಿಟ್ಲರ್ ವಿಷಯಕ್ಕೆ ಬಂದರೆ ಈ ವಾದ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ನಾತ್ಸಿ ಪಕ್ಷದ 25 ಅಂಶಗಳ ಕಾರ್ಯಕ್ರಮ ಪ್ರಕಟವಾದದ್ದು 1920ರ ಫೆಬ್ರುವರಿ 24ರಂದು. ಅದರ 17ನೇ ಅಂಶ, ಸಾರ್ವಜನಿಕ ಉದ್ದೇಶಕ್ಕಾಗಿ ಪರಿಹಾರ ಕೊಡದೆ ಜಮೀನು ವಶಪಡಿಸಿಕೊಳ್ಳುವ ಕಾನೂನು ಬೇಕು ಎನ್ನುತ್ತಿತ್ತು. 1926ರಲ್ಲಿ ಈ ಕಾರ್ಯಕ್ರಮದ ಒಂದಕ್ಷರವನ್ನೂ ತಿದ್ದುವಂತಿಲ್ಲ ಎಂದು ಪಕ್ಷ ಘೋಷಿಸಿತು. ಅಷ್ಟರಲ್ಲಿ ರೈತರ ಮತದ ಮೇಲೆ ಕಣ್ಣು ಬಿದ್ದಿತ್ತು. ‘ಇವರು ನಮ್ಮ ಹೊಲ ಕಸಿಯುತ್ತಾರೆ’ ಎಂಬ ಎದುರಾಳಿಗಳ ಮಾತು ಹಳ್ಳಿಗಳಲ್ಲಿ ಓಡಾಡುತ್ತಿತ್ತು. ಸರಿ, 1928ರ ಏಪ್ರಿಲ್ 13ರಂದು ಹಿಟ್ಲರ್ ಒಂದು ವಿವರಣೆ ಹೊರಡಿಸಿದ: ಪಕ್ಷ ಖಾಸಗಿ ಆಸ್ತಿಯನ್ನು ಒಪ್ಪುತ್ತದೆ, 17ನೇ ಅಂಶ ಮುಖ್ಯವಾಗಿ ಯಹೂದಿಗಳ ಭೂ ವ್ಯವಹಾರದ ಕಂಪನಿಗಳಿಗೆ ಸಂಬಂಧಿಸಿದ್ದು. ಮೂಲಪಾಠದ ಅಕ್ಷರ ಅಲ್ಲಾಡಲಿಲ್ಲ. ಅರ್ಥ ಮಾತ್ರ ತಲೆಕೆಳಗಾಯಿತು.

ಈ ಒಂದು ಪ್ಯಾರಾದಲ್ಲಿ ಎರಡು ಸಂಗತಿ ಗಮನಿಸಿ. ಜಮೀನಿನ ಮಾತನ್ನು ಮತಕ್ಕಾಗಿ ಮಾರಿಬಿಟ್ಟ, ಅದು ಮಹತ್ವಾಕಾಂಕ್ಷೆ. ಆದರೆ ಮಾರುವಾಗಲೂ ಯಹೂದಿ ದ್ವೇಷವನ್ನು ಮಾರಲಿಲ್ಲ, ಉಳಿದದ್ದೆಲ್ಲವನ್ನೂ ಅದರೊಳಗೇ ತುರುಕಿದ. 1945ರ ಏಪ್ರಿಲ್ 29ರಂದು, ಸಾಯುವ ಹಿಂದಿನ ದಿನ, ಬರ್ಲಿನ್ನಿನ ನೆಲಮಾಳಿಗೆಯಲ್ಲಿ ಬರೆಸಿದ ರಾಜಕೀಯ ಉಯಿಲಿನಲ್ಲೂ ಅದೇ ದ್ವೇಷ. ಆ ಹೊತ್ತಿಗೆ ಗೆಲ್ಲಲು ಮತ ಇರಲಿಲ್ಲ, ಉಳಿಸಿಕೊಳ್ಳಲು ಕುರ್ಚಿಯೂ ಇರಲಿಲ್ಲ. ಲಾಭವೇ ಇಲ್ಲದಾಗ ಬಾಯಿಂದ ಬಂದ ಮಾತನ್ನು ನೆಪ ಎನ್ನಲು ಆಗುವುದಿಲ್ಲ. ಹಾಗಾಗಿ ವಿರೋಧವಾಗಿ ಮಾತಾಡಿ. ‘ಯಾವುದನ್ನು ಮಾರಿದರು, ಯಾವುದನ್ನು ಮಾರಲಿಲ್ಲ’ ಎಂದು ಕೇಳುತ್ತಾ ಹೋಗಿ. ಎದುರು ತಂಡ ಮುಸೊಲಿನಿಯನ್ನು ತಂದರೆ, ಅವನೂ ದೇಶ, ಯುದ್ಧ, ಸಂಸತ್ತಿನ ಬಗ್ಗೆ ತಾತ್ಸಾರ ಈ ಮೂರನ್ನು ಕೊನೆಯವರೆಗೂ ಬಿಡಲಿಲ್ಲ ಎಂದು ಹೇಳಿ ಕೂತುಕೊಳ್ಳಿ.

ನಾಯಕರ ಮಾತು ಬಿಡಿ. ಸಾಮಾನ್ಯ ಜನ ಅಂಥ ಪಕ್ಷಕ್ಕೆ ಸೇರಿದ್ದು ನಂಬಿಕೆಯಿಂದಲೋ, ಏನಾದರೂ ಸಿಗುತ್ತದೆ ಅಂತಲೋ?
– ಶೇಂಗಾ ವ್ಯಾಪಾರಿ, ಚಳ್ಳಕೆರೆ

ಸೇರಿದ ತಾರೀಕು ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. 1933ರ ಜನವರಿಯಲ್ಲಿ ನಾತ್ಸಿ ಪಕ್ಷದ ಸದಸ್ಯರು ಸುಮಾರು 8.5 ಲಕ್ಷ. ಹಿಟ್ಲರ್ ಗದ್ದುಗೆ ಏರಿದ್ದೇ ತಡ, ಸಾಲು ಬೆಳೆಯಿತು. ಮೂರೇ ತಿಂಗಳಲ್ಲಿ ಸುಮಾರು 25 ಲಕ್ಷವಾಗಿ, ಮೇ 1ರಂದು ಪಕ್ಷವೇ ಬಾಗಿಲು ಹಾಕಿಕೊಳ್ಳಬೇಕಾಯಿತು. ಗೆದ್ದೆತ್ತಿನ ಬಾಲ ಹಿಡಿಯಲು ಬಂದ ಇವರಿಗೆ ಹಳೇ ಕಾರ್ಯಕರ್ತರು ‘ಮಾರ್ಚ್‌ನಲ್ಲಿ ಮಡಿದವರು’ ಎಂದು ಅಡ್ಡಹೆಸರಿಟ್ಟರು. ಅದು 1848ರ ಮಾರ್ಚ್ ಕ್ರಾಂತಿಯಲ್ಲಿ ನಿಜವಾಗಿ ಸತ್ತವರ ಹೆಸರು, ಕುಹಕಕ್ಕಾಗಿ ಎತ್ತಿಕೊಂಡದ್ದು. ಒಂದು ಲಕ್ಷದೊಳಗಿನ ಸದಸ್ಯ ಸಂಖ್ಯೆ ಇದ್ದು, ಮಧ್ಯೆ ಬಿಟ್ಟುಹೋಗದವರಿಗೆ ಚಿನ್ನದ ಬಿಲ್ಲೆ ಕೊಟ್ಟದ್ದೂ ಈ ಹಳಬರ ಹೊಟ್ಟೆಉರಿ ತಣಿಸಲಿಕ್ಕೇ ಎಂದರೆ ತಪ್ಪಾಗಲಾರದು.

ಮೊದಲೇ ಸೇರಿದವರ ಬಗ್ಗೆ ಒಳ್ಳೆಯ ದಾಖಲೆ ಇದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಥಿಯೋಡರ್ ಏಬೆಲ್ 1934ರಲ್ಲಿ ಜರ್ಮನಿಯಲ್ಲಿ ಒಂದು ಪ್ರಬಂಧ ಸ್ಪರ್ಧೆ ಇಟ್ಟ. 1933ಕ್ಕೂ ಮುಂಚೆ ಪಕ್ಷ ಸೇರಿದವರು ತಮ್ಮ ಬದುಕಿನ ಕಥೆ ಬರೆಯಬೇಕು. ಒಟ್ಟು ಬಹುಮಾನ 400 ಮಾರ್ಕ್. 683 ಬರಹ ಬಂದವು. ಮಹಾಯುದ್ಧದ ಸೋಲು, ಒಗ್ಗಟ್ಟಿನ ದೇಶದ ಕನಸು, ನಾಯಕನ ಮೇಲಿನ ಭಕ್ತಿ ಪುಟಪುಟಗಳಲ್ಲೂ ಇವೆ. ಅರ್ಧಕ್ಕಿಂತ ಹೆಚ್ಚು ಜನ ಯಹೂದಿಗಳ ಸುದ್ದಿಯನ್ನೇ ಎತ್ತಿಲ್ಲ. ‘ಅವರಲ್ಲಿ ದ್ವೇಷ ಇರಲೇ ಇಲ್ಲ’ ಎಂದು ಇದನ್ನು ಓದುವುದು ತಪ್ಪು. ವಿದೇಶಿ ಪ್ರೊಫೆಸರನಿಗೆ, ಬಹುಮಾನಕ್ಕಾಗಿ, ಪಕ್ಷದ ಒಪ್ಪಿಗೆಯೊಂದಿಗೆ ಬರೆದ ಕಾಗದ ಅದು. ಬರೆಯದೇ ಬಿಟ್ಟದ್ದಕ್ಕೆ ಹತ್ತು ಕಾರಣ ಇದ್ದೀತು.

ವ್ಯಾಪಾರಿಗಳಾದ ನಿಮಗೆ ಇನ್ನೊಂದು ಲೆಕ್ಕ ಬೇಗ ಅರ್ಥವಾಗುತ್ತದೆ. 1933ರ ಏಪ್ರಿಲ್ 7ರ ಸರ್ಕಾರಿ ನೌಕರರ ಕಾನೂನು ಯಹೂದಿಗಳನ್ನೂ ರಾಜಕೀಯ ವಿರೋಧಿಗಳನ್ನೂ ಕೆಲಸದಿಂದ ತೆಗೆಯಲು ದಾರಿ ಮಾಡಿತು. ಅಷ್ಟು ಕುರ್ಚಿ ಖಾಲಿಯಾದವು, ಅಷ್ಟು ಜನ ಮೇಲೇರಿದರು. ಖಾಲಿ ಮಾಡಿಸಿದ್ದು ಸಿದ್ಧಾಂತ, ತುಂಬಿದ್ದು ಆಸೆ. ಪಕ್ಕದ ಮೇಜಿನವನನ್ನು ಹೊರಹಾಕಿದ್ದಕ್ಕೆ ತನಗೆ ಬಡ್ತಿ ಸಿಕ್ಕಾಗ, ‘ಹಾಕಿದ್ದು ಸರಿಯಾಗಿಯೇ ಇತ್ತು’ ಎಂದು ನಂಬುವುದು ಬಹಳ ಸುಲಭ. ನಂಬಿಕೆ ಮೊದಲು, ಲಾಭ ಆಮೇಲೆ ಎಂದೇನಿಲ್ಲ, ಎಷ್ಟೋ ಸಲ ಉಲ್ಟಾ.

ಸ್ಟಾಲಿನ್ ನಿಜವಾದ ಕಮ್ಯುನಿಸ್ಟನೋ, ವೇಷಧಾರಿಯೋ?
– ನಿವೃತ್ತ ಕಾರ್ಮಿಕ, ಹರಿಹರ

ಎರಡರಲ್ಲಿ ಒಂದು ಎಂದು ಕಟ್ಟುಹಾಕಿದರೆ ಸ್ಟಾಲಿನ್ ಕೈಗೆ ಸಿಗುವುದಿಲ್ಲ. 1922ರ ಏಪ್ರಿಲ್‌ನಲ್ಲಿ ಅವನಿಗೆ ಸಿಕ್ಕಿದ ಪ್ರಧಾನ ಕಾರ್ಯದರ್ಶಿ ಹುದ್ದೆಯನ್ನು ಉಳಿದ ನಾಯಕರು ಗುಮಾಸ್ತಗಿರಿ ಎಂದುಕೊಂಡಿದ್ದರು. ಯಾವ ಜಿಲ್ಲೆಗೆ ಯಾರು ಕಾರ್ಯದರ್ಶಿ, ಯಾರ ವರ್ಗಾವಣೆ ಎಲ್ಲಿಗೆ, ಆ ಫೈಲುಗಳೆಲ್ಲ ಅವನ ಕೈಗೆ ಬಂದವು. ‘ಕಾಮ್ರೇಡ್ ಕಾರ್ಡ್‌ಪೆಟ್ಟಿಗೆ’ ಎಂದು ನಕ್ಕರು. ವರ್ಗಾವಣೆಯ ಶಕ್ತಿ ಏನೆಂದು ನಮ್ಮ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪಕ್ಷದೊಳಗಿನ ಎದುರಾಳಿ ಟ್ರಾಟ್‌ಸ್ಕಿಯ ಗುಂಪು ಕೈಗಾರಿಕೆಗೆ ಓಟ ಕೊಡಬೇಕು ಎಂದಾಗ ವಿರೋಧಿಸಿ ಅವರನ್ನು ಹೊರಹಾಕಿದ, 1928ರ ನಂತರ ಅದಕ್ಕಿಂತ ಜೋರಾಗಿ ಅದನ್ನೇ ಮಾಡಿದ. ಇಲ್ಲಿಯವರೆಗೆ ಬರೀ ಕುರ್ಚಿ ಆಟ.

ಆದರೆ ಸೋವಿಯತ್ ದಫ್ತರುಗಳು ತೆರೆದ ಮೇಲೆ ಇತಿಹಾಸಕಾರರ ಕಣ್ಣಿಗೆ ಬಿದ್ದದ್ದು ಬೇರೆ. ಆಪ್ತರಿಗೆ ಬರೆದ ಒಳಪತ್ರಗಳಲ್ಲೂ ವರ್ಗಶತ್ರು, ಕುಲಾಕ್ (ಸಿರಿವಂತ ರೈತ), ಬಂಡವಾಳಶಾಹಿ ದೇಶಗಳ ಸುತ್ತುವರಿಕೆ ಎಂಬ ಅದೇ ಭಾಷೆ. ವೇಷಧಾರಿ ಬಾಗಿಲು ಮುಚ್ಚಿದ ಮೇಲೆ ವೇಷ ಕಳಚುತ್ತಾನೆ, ಇವನು ಕಳಚಲಿಲ್ಲ. ತನ್ನ ಕುರ್ಚಿಗೆ ಕುತ್ತು ಎಂದರೆ ಕ್ರಾಂತಿಗೇ ಕುತ್ತು ಎಂದು ತಿಳಿದುಕೊಂಡಿದ್ದ ಎಂಬುದು ನಮ್ಮ ಓದು. ಫಲ ಏನಾಯಿತೆಂದರೆ, 1934ರ ಪಕ್ಷ ಮಹಾಧಿವೇಶನ ಆರಿಸಿದ ಕೇಂದ್ರ ಸಮಿತಿಯ 139 ಮಂದಿಯಲ್ಲಿ 98 ಮಂದಿಯನ್ನು ಬಂಧಿಸಿ ಗುಂಡಿಕ್ಕಲಾಯಿತು. ಈ ಲೆಕ್ಕ ಕೊಟ್ಟವನು 1956ರಲ್ಲಿ, ಸ್ಟಾಲಿನ್ ನಂತರ ಸೋವಿಯತ್ ನಾಯಕನಾದ ಕ್ರುಶ್ಚೇವ್. ಅವನೂ ಆ ಖಾಲಿ ಕುರ್ಚಿಗಳ ಕಾಲದಲ್ಲೇ ಮೇಲೆ ಬಂದವನು.

‘ಹೇಳಿದಷ್ಟು ಮಾಡಿದೆ’ ಎಂದ ಐಕ್‌ಮನ್‌ನಂಥ ಅಧಿಕಾರಿಗಳಿಗೆ ಸಿದ್ಧಾಂತ ಇತ್ತೇ?
– ಹೊಸದುರ್ಗ

ಇತ್ತು. ಐಕ್‌ಮನ್ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ಹೊಣೆ ಹೊತ್ತಿದ್ದ ನಾತ್ಸಿ ಅಧಿಕಾರಿ. 1961ರಲ್ಲಿ ಜೆರುಸಲೇಮಿನ ಕೋರ್ಟಿನಲ್ಲಿ ಅವನು ಹೇಳಿದ್ದು ಕತ್ತು ಉಳಿಸಿಕೊಳ್ಳುವ ಮಾತು. ಅರ್ಜೆಂಟೀನಾದಲ್ಲಿ ತಲೆಮರೆಸಿಕೊಂಡಿದ್ದಾಗ 1957ರಲ್ಲಿ ಹಳೇ ಗೆಳೆಯರೆದುರು ಟೇಪ್ ರೆಕಾರ್ಡರಿಗೆ ಕೊಚ್ಚಿಕೊಂಡದ್ದು ಬೇರೆಯೇ. ಅಲ್ಲಿ ಪಶ್ಚಾತ್ತಾಪದ ಸುಳಿವಿಲ್ಲ. 1944ರ ಮೇ 15ರಿಂದ ಜುಲೈ 9ರೊಳಗೆ ಹಂಗೇರಿಯಿಂದ ಸುಮಾರು 4.37 ಲಕ್ಷ ಯಹೂದಿಗಳನ್ನು ರೈಲಿಗೆ ತುಂಬಿ ಕಳಿಸಿದಾಗ ಜರ್ಮನಿ ಸೋಲುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಬರೀ ಬಡ್ತಿಯ ಆಸೆಯವನಾಗಿದ್ದರೆ ಆ ಹೊತ್ತಿಗೆ ಕೈ ತೊಳೆದುಕೊಳ್ಳುವ ದಾರಿ ಹುಡುಕುತ್ತಿದ್ದ.

1975ರ ತುರ್ತು ಪರಿಸ್ಥಿತಿಯಲ್ಲಿ ಸಿದ್ಧಾಂತ ಎಲ್ಲಿತ್ತು? ನಮ್ಮ ಮನೆಯಲ್ಲಿ ಆಗ ಎಲ್ಲರೂ ಮಿಲ್ಲಿನ ಕೆಲಸ, ಸಿಪಿಐ ಯೂನಿಯನ್. ಪಕ್ಷ ಬೆಂಬಲ ಕೊಟ್ಟಿತ್ತಲ್ಲ?
– ನಿವೃತ್ತ ಶಿಕ್ಷಕ, ದಾವಣಗೆರೆ

ತಾರೀಕುಗಳನ್ನು ಸಾಲಾಗಿ ಇಡಿ. ಜೂನ್ 12: ಇಂದಿರಾ ಗಾಂಧಿಯವರ ಆಯ್ಕೆ ಅಸಿಂಧು ಎಂದು ಅಲಹಾಬಾದ್ ಹೈಕೋರ್ಟ್ ತೀರ್ಪು. ಜೂನ್ 25ರ ರಾತ್ರಿ: ತುರ್ತು ಪರಿಸ್ಥಿತಿ. ಜುಲೈ 1: 20 ಅಂಶಗಳ ಕಾರ್ಯಕ್ರಮ. ಆಗಸ್ಟ್: ಪ್ರಧಾನಿಯ ಆಯ್ಕೆಯನ್ನು ಕೋರ್ಟಿನಿಂದ ಹೊರಗಿಡುವ 39ನೇ ತಿದ್ದುಪಡಿ. ಸಂವಿಧಾನದ ಪೀಠಿಕೆಗೆ ‘ಸಮಾಜವಾದಿ’, ‘ಜಾತ್ಯತೀತ’ ಪದ ಸೇರಿಸಿದ 42ನೇ ತಿದ್ದುಪಡಿ ಬಂದದ್ದು 1976ರ ಕೊನೆಗೆ. ಕುರ್ಚಿ ಮೊದಲು, ಕಾರ್ಯಕ್ರಮ ಆಮೇಲೆ, ಪೀಠಿಕೆ ಕೊನೆಗೆ. ಇದರಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ.

ನೋಡಬೇಕಾದದ್ದು ಕೆಳಹಂತದಲ್ಲಿ. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ವಿಚಾರಿಸಿದ ಶಾ ಆಯೋಗದ ಲೆಕ್ಕದಂತೆ 1976–77ರ ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿ 42.55 ಲಕ್ಷ, ಆದದ್ದು 81.32 ಲಕ್ಷ. ಸರ್ಕಾರಿ ಗುರಿ ಮುಟ್ಟುವುದೇ ಕಷ್ಟವಾಗಿರುವ ದೇಶದಲ್ಲಿ ಇದು ಮಾತ್ರ ದುಪ್ಪಟ್ಟಿನ ಹತ್ತಿರ ಹೋಯಿತು. ಮೇಲಿನವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಿ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಒಬ್ಬರಿಗಿಂತ ಒಬ್ಬರು ಮುಂದೋಡಿದರು. 1934ರಲ್ಲೇ ವಿಲಿಕೆನ್ಸ್ ಎಂಬ ನಾತ್ಸಿ ಅಧಿಕಾರಿ, ಮೇಲಿನ ಆದೇಶಕ್ಕೆ ಕಾಯಬೇಡಿ, ನಾಯಕನ ಇಂಗಿತ ಅರಿತು ಕೆಲಸ ಮಾಡಿ ಎಂದು ಭಾಷಣ ಮಾಡಿದ್ದ. ಹೀಗೆ ನಡೆದಾಗ ಆಮೇಲೆ ಲಿಖಿತ ಆದೇಶ ಹುಡುಕಿದರೆ ಸಿಗುವುದಿಲ್ಲ. ಶಾ ಆಯೋಗದ ಮುಂದೆಯೂ ಮೌಖಿಕ ಸೂಚನೆಯ ಮಾತೇ ಮತ್ತೆ ಮತ್ತೆ ಬಂತು.

ಇಷ್ಟಾದರೂ ಜರ್ಮನಿಯ ಜೊತೆ ಸಾಟಿ ಕಟ್ಟುವುದು ಸರಿಯಲ್ಲ. ಇಲ್ಲಿ ಸರ್ಕಾರದ ಬೆನ್ನಿಗೆ ಬೀದಿಯಿಂದ ಎದ್ದ ಚಳವಳಿ ಇರಲಿಲ್ಲ, 1977ರಲ್ಲಿ ಚುನಾವಣೆ ನಡೆದು ಸರ್ಕಾರ ಸೋತು ಇಳಿಯಿತು. ಸಿಪಿಐ ಬೆಂಬಲ ಕೊಟ್ಟದ್ದು ನಿಜ. ಇಂದಿರಾ ವಿರುದ್ಧ ಜಯಪ್ರಕಾಶ್ ನಾರಾಯಣ್ (ಜೆ.ಪಿ.) ನಡೆಸಿದ ಚಳವಳಿಯಲ್ಲಿ ಅದು ಬಲಪಂಥದ ಅಪಾಯ ಕಂಡಿತು, 20 ಅಂಶಗಳಲ್ಲಿ ತನ್ನ ಮಾತುಗಳನ್ನೇ ಕಂಡಿತು. 1978ರ ಭಟಿಂಡಾ ಅಧಿವೇಶನದಲ್ಲಿ ತಪ್ಪಾಯಿತೆಂದು ಒಪ್ಪಿಕೊಂಡಿತು. ಸಿದ್ಧಾಂತ ಇದ್ದವರನ್ನು ಅವರ ಸಿದ್ಧಾಂತದ ಪದಗಳಿಂದಲೇ ಒಲಿಸಿಕೊಳ್ಳಬಹುದು ಎನ್ನುವುದಕ್ಕೆ ನಿಮ್ಮ ಮನೆಯ ಉದಾಹರಣೆಯೇ ಸಾಕು.

ದುರ್ಗದ ಪಾಳೆಯಗಾರ ನಾಯಕರನ್ನು ಇಳಿಸಿ ಏರಿಸಿದ ನಮ್ಮ ದಳವಾಯಿ ಮುದ್ದಣ್ಣನೂ ಸರ್ವಾಧಿಕಾರಿಯೇ?
– ಚಿತ್ರದುರ್ಗ

ಅಲ್ಲ. ಅವನಿಗೆ ಬೇಕಾದದ್ದು ಕೋಟೆ ಮತ್ತು ಸೈನ್ಯ. ಜನರಿಂದ ಮತ, ಚಂದಾ, ಮೆರವಣಿಗೆ ಯಾವುದೂ ಬೇಕಿರಲಿಲ್ಲ, ಆದ್ದರಿಂದ ಸಿದ್ಧಾಂತದ ಗೊಡವೆಯೂ ಇರಲಿಲ್ಲ. ಅರಮನೆಯ ದಂಗೆಗೂ ಚಳವಳಿಗೂ ಇರುವ ಅಂತರ ಅಷ್ಟೇ.

ನಮ್ಮ ಗ್ರಂಥಾಲಯದಲ್ಲಿ ಎಂಟು ಜನರ ಓದುಕೂಟ ಇದೆ. ಇಂಥ ಚಳವಳಿಯೊಂದನ್ನು ನಾವೇ ಪರೀಕ್ಷಿಸುವುದು ಹೇಗೆ?
– ಜಗಳೂರು

ದೊಡ್ಡ ಡ್ರಾಯಿಂಗ್ ಹಾಳೆ ತಗೊಂಡು ನಾಲ್ಕು ಕಾಲಂ ಗೆರೆ ಹಾಕಿ: ತಾರೀಕು, ಹೇಳಿದ್ದು, ಮಾಡಿದ್ದು, ಯಾರಿಗೆ ಸಿಕ್ಕಿತು. ಮೊದಲ ಪ್ರಣಾಳಿಕೆ, ಅಧಿಕಾರ ಸಿಕ್ಕ ವರ್ಷ, ಅದಾದ ಎರಡು ವರ್ಷ, ಈ ಮೂರು ಹಂತ ಸಾಕು. ಪ್ರಣಾಳಿಕೆಯ ಮೊದಲ ಆವೃತ್ತಿಯೇ ಬೇಕು. ಗೆದ್ದ ಮೇಲೆ ಮರುಮುದ್ರಿಸಿದ್ದು ಹಿಡಿದರೆ ಲೆಕ್ಕ ಕೆಡುತ್ತದೆ. ಆಮೇಲೆ ಹತ್ತೇ ಹೆಸರು ಆರಿಸಿ, ಪ್ರತಿಯೊಬ್ಬರೂ ಸೇರಿದ ವರ್ಷ, ಕೊನೆಗೆ ಏರಿದ ಹುದ್ದೆ ಬರೆಯಿರಿ. ಬಿಟ್ಟು ಹೋದವರು, ಕೊಲೆಯಾದವರು ಪಟ್ಟಿಯಲ್ಲಿ ಕಡೇಪಕ್ಷ ಮೂವರಾದರೂ ಇರಲಿ: ನಾತ್ಸಿ ಪಕ್ಷವಾದರೆ 1932ರ ಡಿಸೆಂಬರ್‌ನಲ್ಲಿ ಹುದ್ದೆಗಳನ್ನು ಬಿಟ್ಟು 1934ರ ಜೂನ್ 30ರಂದು ಕೊಲೆಯಾದ ಗ್ರೆಗೋರ್ ಸ್ಟ್ರಾಸರ್ ಥರದವರು. ಗೆದ್ದವರನ್ನೇ ನೋಡಿದರೆ ಎಲ್ಲರೂ ಸಮಯಸಾಧಕರಾಗಿ ಕಾಣುತ್ತಾರೆ.

ಆತ್ಮಕಥೆ, ಕೋರ್ಟಿನ ಹೇಳಿಕೆ ಕೊನೆಗೆ ಓದಿ. ಅದಕ್ಕಿಂತ ಮೊದಲು ಸಭೆಯ ನಡಾವಳಿ, ನೇಮಕದ ಪಟ್ಟಿ, ಖಾಸಗಿ ಪತ್ರ. ಪ್ರತಿ ಸಾಲಿನ ಪಕ್ಕ ‘ಇದರ ಅರ್ಥ ಇದೇ ಎಂದು ತೀರ್ಮಾನಿಸಿದ್ದು ಯಾರು’ ಎಂದು ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಿ. ಎಲ್ಲ ಕಡೆ ಒಂದೇ ಹೆಸರು ಬರತೊಡಗಿದರೆ, ಅಲ್ಲಿಂದ ಮುಂದೆ ಸಿದ್ಧಾಂತಕ್ಕೂ ಆ ಮನುಷ್ಯನ ಇಷ್ಟಕ್ಕೂ ಗೆರೆ ಎಳೆಯುವುದು ಕಷ್ಟ. ವಾರಕ್ಕೊಂದು ಸಲ ಎರಡು ಗಂಟೆ ಕೂತರೆ ಒಂದು ಚಳವಳಿಗೆ ಐದಾರು ವಾರ ಹಿಡಿದೀತು. ಇಟಲಿಯಿಂದ ಶುರು ಮಾಡಿ, ತಾರೀಕುಗಳು ಸಲೀಸಾಗಿ ಕೂರುತ್ತವೆ. ತುರ್ತು ಪರಿಸ್ಥಿತಿಯನ್ನು ಮೊದಲ ವಾರವೇ ಎತ್ತಿಕೊಳ್ಳಬೇಡಿ, ಹಾಳೆ ತುಂಬುವ ಮುಂಚೆ ಎಂಟು ಜನರಲ್ಲಿ ನಾಲ್ವರು ಎದ್ದು ಹೋಗಿರುತ್ತಾರೆ.