ಮೂವತ್ತು ಹಾರಾಟದ ಲೆಕ್ಕ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಕೆ ಸೇನಾ ಇತಿಹಾಸದ ಸಂಶೋಧಕಿ, ವಯಸ್ಸು ಮೂವತ್ತು ದಾಟಿದೆ. ಎರಡನೇ ಮಹಾಯುದ್ಧದ ಬಾಂಬ್ ದಾಳಿಗಳು ಜನರ ಬದುಕನ್ನು ಏನು ಮಾಡಿದವು ಅನ್ನೋದು ಅವರ ವಿಷಯ. ಕೆಲಸ ಗುತ್ತಿಗೆಯದು. ಪುಸ್ತಕ ಹೊರಬಂದರೆ ಕಾಯಂ ಆಗುವ ಆಸೆ. ಆಪ್ತಸಲಹೆಗೆ ಮೊದಲ ಸಲ ನನ್ನ ಹತ್ತಿರ ಬಂದಾಗ ನಿದ್ದೆ ಬರ್ತಿಲ್ಲ ಅಂದರು, ಅಷ್ಟೇ.

ಎರಡನೇ ಸಲ ಲ್ಯಾಪ್‌ಟಾಪ್ ತೆರೆದು ತೋರಿಸಿದರು. 1943ರ ಜುಲೈ ಕೊನೆಯಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಮೇಲೆ ನಡೆದ ದಾಳಿಗಳಲ್ಲಿ ಸತ್ತವರ ಪಟ್ಟಿ, ಆಕೆ ಅದನ್ನು ಟೈಪ್ ಮಾಡುತ್ತಿದ್ದರು. ಸತ್ತವರು 30,000ಕ್ಕೂ ಜಾಸ್ತಿ. ನೆಲಮಾಳಿಗೆಗಳಲ್ಲಿ ಅಡಗಿದ್ದ ಎಷ್ಟೋ ಜನ ಸುಟ್ಟು ಸಾಯಲಿಲ್ಲ, ಬೆಂಕಿಯಿಂದ ಹುಟ್ಟಿದ ವಿಷಗಾಳಿಗೆ ಉಸಿರುಗಟ್ಟಿ ಸತ್ತರು. ವಯಸ್ಸಿನ ಕಾಲಂನಲ್ಲಿ 61, 29, 7. ಆಕೆಯ ಬೆರಳು ಆ ಏಳರ ಹತ್ತಿರ ನಿಂತಿತ್ತು. "ಇಲ್ಲಿಂದ ಮುಂದಕ್ಕೆ ಹೋಗೋಕೆ ಆಗ್ತಿಲ್ಲ ಮೇಡಂ. ಹನ್ನೊಂದು ದಿನ ಆಯ್ತು."

ಇನ್ನೊಂದು ಸಂಕಟವೂ ಇತ್ತು. ಬಾಂಬ್ ಹಾಕಿದ ಹುಡುಗರ ಪತ್ರಗಳನ್ನೂ ಅವರು ಓದುತ್ತಿದ್ದರು. ಬ್ರಿಟನ್ನಿನ ವಾಯುಪಡೆಯಲ್ಲಿ ಬಾಂಬ್ ದಾಳಿ ನಡೆಸುತ್ತಿದ್ದ ವಿಭಾಗ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. ಇಪ್ಪತ್ತರ ಆಸುಪಾಸಿನವರೇ ಹೆಚ್ಚು. "ಅವರಿಗಾಗಿ ಅತ್ತರೆ ಆ ಮಗುವಿಗೆ ದ್ರೋಹ ಮಾಡಿದ ಹಾಗೆ ಅನ್ಸುತ್ತೆ" ಅಂದರು. ಎರಡೂ ಕಡೆ ಅಳು ಬರೋದು ತಪ್ಪಲ್ಲ, ಅದರಲ್ಲಿ ಯಾವುದನ್ನೂ ಒತ್ತಿ ಹಿಡಿಯಬೇಡಿ ಅಂದೆ.

ಹಾರಲು ಆಗಲ್ಲ ಅಂದವರ ಕಡತದಲ್ಲಿ ವಾಯುಪಡೆ 'ಮನೋಸ್ಥೈರ್ಯ ಇಲ್ಲದವರು' ಅನ್ನೋ ಅರ್ಥದ ಷರಾ ಬರೆಯುತ್ತಿತ್ತಂತೆ. ಅದನ್ನು ವಿವರಿಸುವಾಗ ಅವರಿಗೆ ಸಿಟ್ಟು ಬಂದಿತ್ತು. ಐದೇ ನಿಮಿಷಕ್ಕೆ ತಮ್ಮ ಬಗ್ಗೆ ಹೇಳಿದರು: "ಸುಮ್ನೆ ಕೂತು ಓದೋ ಕೆಲಸ. ಅಷ್ಟೂ ಗಟ್ಟಿತನ ಇಲ್ಲ ನನಗೆ." ಅದೇ ಷರಾ ಅಲ್ವಾ ಇದು, ಈಗ ನೀವೇ ನಿಮಗೆ ಬರೆದುಕೊಂಡಿದ್ದು, ಅಂತ ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ.

ಇಂಥ ದಾಖಲೆಗಳನ್ನು ತಿಂಗಳುಗಟ್ಟಲೆ ಓದುವವರ ಮನಸ್ಸಿಗೆ ನಿಜವಾಗಿಯೂ ಪೆಟ್ಟು ಬೀಳುತ್ತದೆ. ಸಲಹೆ ಕೊಡಲು ಅವರ ವಿಷಯವೇ ನೆರವಾಯಿತು. ಅಷ್ಟು ಕಠಿಣವಾಗಿದ್ದ ಆ ವ್ಯವಸ್ಥೆಯಲ್ಲೂ ಸಾಮಾನ್ಯವಾಗಿ 30 ದಾಳಿ ಹಾರಾಟ ಮುಗಿಸಿ ಬದುಕಿದವರಿಗೆ ಕೆಲವು ತಿಂಗಳು ಬೇರೆ ಕೆಲಸ ಕೊಡುತ್ತಿದ್ದರು. ನಿಮ್ಮ ಲೆಕ್ಕ ಎಷ್ಟಕ್ಕೆ ಅಂದೆ. ಉತ್ತರ ಇರಲಿಲ್ಲ. ಒಟ್ಟಿಗೆ ಕೂತು ಹಾಕಿದೆವು. ಸಾವಿನ ಪಟ್ಟಿ ವಾರಕ್ಕೆ ಮೂರು ದಿನ, ಬೆಳಗ್ಗೆ ಎರಡೇ ಗಂಟೆ. ಸಂಜೆಯ ಮೇಲೆ ಬೇಡವೇ ಬೇಡ. ಉಳಿದ ಹೊತ್ತು ವಿಮಾನ ಕಾರ್ಖಾನೆಗಳ ಬಗ್ಗೆ, ಸಂಸತ್ತಿನ ಚರ್ಚೆಗಳ ಬಗ್ಗೆ ಇರುವ ಅಧ್ಯಾಯಗಳು. ಪಟ್ಟಿ ಮುಚ್ಚಿದ ಮೇಲೆ ಒಬ್ಬರ ಹತ್ತಿರ ಬಾಯಿಬಿಟ್ಟು ಮಾತಾಡಬೇಕು. ಮೂರು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡಬೇಕು. ಪುಸ್ತಕದ ಗಡುವಿನ ಬಗ್ಗೆ ಮೇಲಿನವರಿಗೆ ಹೇಳಲೇಬೇಕು ಅಂದಾಗ ಮಾತ್ರ ಹಿಂದೆ ಸರಿದರು. ಗುತ್ತಿಗೆಯ ಭಯ ಸುಳ್ಳಲ್ಲ, ಹಾಗಾಗಿ ನಾನು ಜಾಸ್ತಿ ಒತ್ತಾಯಿಸಲಿಲ್ಲ.

ಆರು ವಾರದ ನಂತರ ಬಂದರು. ನಿದ್ದೆ ಕೆಡಿಸುತ್ತಿದ್ದ ಕನಸು ಕಡಿಮೆಯಾಗಿದೆ, ನಿಂತಿಲ್ಲ. ಗಡುವಿನ ಮಾತನ್ನು ತಾವಾಗಿಯೇ ಎತ್ತಿ ಮೂರು ತಿಂಗಳು ಪಡೆದಿದ್ದರು. ಏಳು ವರ್ಷದ ಮಗುವಿನ ಸಾಲನ್ನೂ ಟೈಪ್ ಮಾಡಿದ್ದರು, ಒಂದು ಬೆಳಗ್ಗೆ, ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು.