ಕೂಸು ಎಲ್ಲೋ ಹುಟ್ಟಾಗದೆ

ನೀವು ಧಾರವಾಡದ ಕಡೆಯವರು. ದತ್ತು ತಗೊಳ್ಳಲು ಅರ್ಜಿ ಹಾಕಿ ಒಂದೂವರೆ ವರ್ಷ ಆಯಿತು, ಒಂದೊಂದು ಸಣ್ಣ ತೊಡಕು ಬಂದಾಗಲೂ ನಂಬಿಕೆ ಕುಸಿಯುತ್ತದೆ ಅಂತ ಬರೆದಿದ್ದೀರಿ. ಗಡಿಯ ಹಳ್ಳಿಯಲ್ಲಿದ್ದುಕೊಂಡು ಹೇಗೆ ತಡೆದುಕೊಂಡಿರಿ, ಜನ ಏನೂ ಅನ್ನಲಿಲ್ವಾ ಅಂತ ಕೇಳಿದ್ದೀರಿ. ಜನ ಅಂದರು, ಅದನ್ನೂ ಹೇಳುತ್ತೇನೆ.

ನಮ್ಮದು ಮೈಸೂರು ಜಿಲ್ಲೆ, ಹೆಗ್ಗಡದೇವನಕೋಟೆ ತಾಲ್ಲೂಕು. ನಾವು ಬರೀ ಕೋಟೆ ಅನ್ನುತ್ತೇವೆ. ಅಂತರಸಂತೆ ದಾಟಿ ಕಾಡಿನ ರಸ್ತೆ ಹಿಡಿದರೆ ಬಾವಲಿ ಚೆಕ್‌ಪೋಸ್ಟ್, ಅದರಾಚೆ ಕೇರಳದ ವಯನಾಡು. ಸಂಜೆ 6ಕ್ಕೆ ಗೇಟು ಹಾಕಿದರೆ ಬೆಳಗ್ಗೆ 6ರವರೆಗೆ ಆಚೆಯವರು ಆಚೆ, ಈಚೆಯವರು ಈಚೆ. ಹಗಲು ಮಾತ್ರ ಓಡಾಟ ಜಾಸ್ತಿ. ಶುಂಠಿ ಬೆಳೆಯಲು ಅವರು ಇಲ್ಲಿ ಜಮೀನು ಗುತ್ತಿಗೆಗೆ ಹಿಡಿಯುತ್ತಾರೆ. ಆಸ್ಪತ್ರೆಗೆ ಅಂತ ನಾವು ಮಾನಂದವಾಡಿಗೆ ಹೋಗುತ್ತೇವೆ.

2018ರ ಕೊನೆಯಲ್ಲಿ ಕಾರಾದಲ್ಲಿ, ಅಂದರೆ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ, ಹೆಸರು ನೋಂದಾಯಿಸಿದೆವು. ಮೊದಲ ತೊಡಕು ನನ್ನ ಹೆಸರಿನದೇ. ಆಧಾರ್‌ನಲ್ಲಿ ಅಪ್ಪನ ಇನಿಷಿಯಲ್, ಮದುವೆ ಪ್ರಮಾಣಪತ್ರದಲ್ಲಿ ಗಂಡನದು. ಅದು ಸರಿಹೋಗಲು ಎರಡು ತಿಂಗಳು. ಆಮೇಲೆ ಪರಿಚಯದವರಿಂದ ಎರಡು ಪತ್ರ ಬೇಕಿತ್ತು. ಪಕ್ಕದ ಶುಂಠಿ ಹೊಲದ ಚೇಚಿ (ಮಲಯಾಳಂನಲ್ಲಿ ಅಕ್ಕ) ಬಹಳ ಪ್ರೀತಿಯಿಂದ ಒಂದು ಪುಟ ಬರೆದುಕೊಟ್ಟರು, ಪೂರ್ತಿ ಮಲಯಾಳಂನಲ್ಲಿ. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರಲ್ಲ. ಕೊನೆಗೆ ಕೋಟೆಯ ಕನ್ನಡ ಶಾಲೆಗೆ ಹೋಗುವ ಅವರ ಮಗಳು ಅಮ್ಮ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದಳು, ಕೆಳಗೆ ಚೇಚಿ ಸಹಿ ಹಾಕಿದರು. ಆ ಮಲಯಾಳಂ ಪುಟವನ್ನೂ ನಾನು ಇಟ್ಟುಕೊಂಡಿದ್ದೇನೆ.

ಮನೆ ನೋಡಲು ಬಂದ ಸಮಾಜ ಕಾರ್ಯಕರ್ತೆ ಅಡುಗೆಮನೆಯಲ್ಲೇ ಕೂತರು. ಅತ್ತೆಯನ್ನು ಕೇಳಿದರು, "ಮಗು ಬಂದರೆ ಯಾರ ಪಕ್ಕ ಮಲಗಿಸ್ತೀರಮ್ಮ?" ಅತ್ತೆ ತಡ ಮಾಡಲೇ ಇಲ್ಲ. "ನನ್ ಪಕ್ಕ."

ಅವತ್ತು ಆ ಕಾರ್ಯಕರ್ತೆ ಹೇಳಿದ ಒಂದು ಮಾತು ನನ್ನನ್ನು ಬದಲಿಸಿತು. ಹೆತ್ತವಳು ಮಗುವನ್ನು ಒಪ್ಪಿಸಿದ ಮೇಲೆ ಮನಸ್ಸು ಬದಲಿಸಲು ಅವಳಿಗೆ 60 ದಿನ ಇರುತ್ತದಂತೆ. ಎಲ್ಲೋ ಸಿಕ್ಕ ಮಗುವಾದರೆ ಮೊದಲು ಅದರವರನ್ನು ಹುಡುಕಬೇಕು. ಯಾರೂ ಬರದಿದ್ದರೆ ಮಾತ್ರ ಮಕ್ಕಳ ಕಲ್ಯಾಣ ಸಮಿತಿ ಅದನ್ನು ದತ್ತು ಕೊಡಬಹುದು ಅಂತ ಹೇಳುತ್ತದೆ. ನಾನು ಅಲ್ಲಿವರೆಗೆ ನಂಜನಗೂಡಿಗೆ ಹೋದಾಗಲೆಲ್ಲ "ಬೇಗ ಕೊಡಪ್ಪಾ ನಂಜುಂಡಾ" ಅಂತ ಬೇಡುತ್ತಿದ್ದೆ. ಅಂದರೆ ಇನ್ನೊಬ್ಬ ಹೆಂಗಸಿನ ಆ 60 ದಿನ ಬೇಗ ಮುಗಿಯಲಿ ಅಂತ ಬೇಡಿದ ಹಾಗೆ ಅಲ್ವಾ? ಕಪಿಲೆಯ ಮೆಟ್ಟಿಲ ಮೇಲೆ ಕೂತು ಬಹಳ ಅತ್ತುಬಿಟ್ಟೆ. ಅವತ್ತಿನಿಂದ ಬೇಗ ಅನ್ನುವ ಮಾತು ಬಿಟ್ಟೆ. ಆ ಕೂಸು ಯಾರ ಮಡಿಲಿಗೆ ಸೇರಬೇಕೋ ಅಲ್ಲಿಗೇ ಸೇರಲಿ, ಅಲ್ಲಿವರೆಗೆ ಅದರ ಹೊಟ್ಟೆ ತುಂಬಿರಲಿ ಅಂತ ಕೇಳಿಕೊಂಡೆ. ನನ್ನ ನಂಬಿಕೆ ಗಟ್ಟಿಯಾಗಿದ್ದು ಅಲ್ಲಿ, ಮಗು ಬಂದಾಗ ಅಲ್ಲ.

ಜನ ಅಂದಿದ್ದು, "ರಕ್ತ ಬೇರೆ ಕಣವ್ವ, ಯಾವ ಊರದೋ ಏನೋ." ಉತ್ತರ ಕೊಟ್ಟಿದ್ದು ನಮ್ಮೂರಿನ ಒಬ್ಬ ಮುದುಕರು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ ಅನ್ನುವ ಅಲಮೇಲಮ್ಮನ ಶಾಪ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಅದೇ ದೊರೆಗಳಲ್ಲಿ ಒಬ್ಬರಾದ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತಗೊಂಡರು. ಅದನ್ನು ಬ್ರಿಟಿಷರು ಒಪ್ಪಿದ್ದು 1867ರಲ್ಲಿ. ಅಷ್ಟು ದಿನ ಮಹಾರಾಜರೂ ಕಾಗದಕ್ಕೆ ಕಾದರು. ಮುದುಕರು ಕೇಳಿದ್ದು ಇಷ್ಟೇ: "ನಾಲ್ವಡಿಯವರ ಫೋಟೋ ಮನೆಯಲ್ಲಿ ಇಟ್ಕೊಂಡಿದ್ದೀರಲ್ಲ, ಅವರಪ್ಪ ಯಾರು? ಆ ದತ್ತು ಮಗನೇ ತಾನೆ?" ಆಮೇಲೆ ಆ ಮಾತು ನಮ್ಮ ಕಿವಿಗೆ ಬೀಳಲಿಲ್ಲ.

ಮನೆ ನೋಡಿದ ವರದಿಗೆ ಮೂರೇ ವರ್ಷ ಆಯಸ್ಸು. ನಮ್ಮದು 2022ರ ಶುರುವಿನಲ್ಲಿ ಮುಗಿಯಿತು. ಮತ್ತೆ ಮಾಡಿಸಿದೆವು. ಅದಾದ ಮೇಲೆ ಬಂದಿದ್ದೇ ಎಲ್ಲಕ್ಕಿಂತ ನೋವಿನ ತೊಡಕು. ಅತ್ತೆಗೆ ಉಸಿರಾಟದ ತೊಂದರೆಯಾಗಿ ಮಾನಂದವಾಡಿಯಲ್ಲಿ ಸೇರಿಸಿದ್ದೆವು. ನೋಂದಾಯಿಸಿದ ನಂಬರು ನಮ್ಮ ಯಜಮಾನರದು. ಮಗುವಿನ ವಿವರ ಬಂದಿದೆ ಅನ್ನುವ ಮೆಸೇಜು ಆ ಗಡಿಬಿಡಿಯಲ್ಲಿ ಹಾಗೇ ಬಿದ್ದಿತ್ತು. ಒಪ್ಪಿಗೆ ಕೊಡಲು ಇರುವುದು 48 ಗಂಟೆ. ಅವರು ನೋಡಿದ್ದು ಮೂರನೇ ದಿನ. (ನೀವು ದಯವಿಟ್ಟು ಮೆಸೇಜು, ಇಮೇಲು ಎರಡನ್ನೂ ಇಬ್ಬರೂ ದಿನಾ ನೋಡುತ್ತಿರಿ.) ಮತ್ತೆ ಅವಕಾಶ ಬರುತ್ತದೆ ಅಂತ ಗೊತ್ತಿತ್ತು. ಆದರೆ ಅತ್ತೆ "ನನ್ನಿಂದ ಕೂಸು ತಪ್ಪೋಯ್ತು" ಅಂತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬಾರದು ಅಂತ ಅಲ್ಲಿವರೆಗೆ ನನಗೆ ಒಂದು ಚಿಕ್ಕ ಬಟ್ಟೆಯನ್ನೂ ತರಲು ಬಿಟ್ಟಿರಲಿಲ್ಲ ಅವರು. ಆಸ್ಪತ್ರೆಯಿಂದ ಬಂದ ವಾರಕ್ಕೆ ತಮ್ಮ ಹಳೇ ಸೀರೆಯ ಸೆರಗು ಕತ್ತರಿಸಿಕೊಂಡು ಜಗುಲಿಯ ಮೇಲೆ ಕೂತಿದ್ದರು. ಏನತ್ತೆ ಅಂದೆ. "ಕೂಸು ಹುಟ್ಟಾಗದೆ ಕಣವ್ವ. ಎಲ್ಲೋ ಅದೆ. ಇನ್ನು ಕುಲಾವಿ ಹೊಲುದ್ರೆ ಏನು ತಪ್ಪು?" ಅಂದರು. ಕೈ ನಡುಗುತ್ತಿತ್ತು, ಹೊಲಿಗೆ ಮಾತ್ರ ನೇರವಾಗಿತ್ತು.

ಮಳೆಗಾಲದಲ್ಲಿ ಮತ್ತೆ ಮೆಸೇಜು ಬಂತು. ಈ ಸಲ ಹತ್ತೇ ನಿಮಿಷದಲ್ಲಿ ಒಪ್ಪಿಗೆ ಕೊಟ್ಟೆವು. 14 ತಿಂಗಳ ಹೆಣ್ಣು ಕೂಸು, ನಿಮ್ಮ ಕಡೆಯದೇ ಒಂದು ಜಿಲ್ಲೆಯದು. ಅಲ್ಲಿನ ದತ್ತು ಕೇಂದ್ರದ ಆಯಾ "ಹೋಗಿ ಬಾರವ್ವಾ" ಅಂತ ಕಳಿಸಿಕೊಟ್ಟರು. ಮಗು ಮನೆಗೆ ಬಂದ ಮೇಲೂ ಒಂದು ತೊಡಕು. ನಮ್ಮ ಅರ್ಜಿ ನ್ಯಾಯಾಲಯದಲ್ಲಿತ್ತು. 2022ರ ಸೆಪ್ಟೆಂಬರ್ 1ರಿಂದ ಕಾನೂನಿನ ತಿದ್ದುಪಡಿ ಜಾರಿಯಾಗಿ ದತ್ತು ಆದೇಶ ಕೊಡುವ ಅಧಿಕಾರ ಜಿಲ್ಲಾಧಿಕಾರಿಗೆ ಹೋಯಿತು, ಫೈಲೂ ಹೋಯಿತು. ಆದೇಶ ಕೈಗೆ ಬರಲು ಮತ್ತೆ ತಿಂಗಳುಗಟ್ಟಲೆ ಹಿಡಿಯಿತು. ಆದರೆ ಆಗ ನಾನು ಹೆದರಲಿಲ್ಲ.

ಕುಲಾವಿ ಅವಳಿಗೆ ಚಿಕ್ಕದಾಗಿತ್ತು. ಅತ್ತೆ ಹಿಂದಿನ ಹೊಲಿಗೆ ಬಿಚ್ಚಿ, ಎರಡು ಬೆರಳಗಲದ ಹಸಿರು ಪಟ್ಟಿ ಸೇರಿಸಿ, ಅದೇ ಸಂಜೆ ಕಟ್ಟಿದರು. ರಾತ್ರಿ ಅವಳು ಮಲಗಿದ್ದು ಅತ್ತೆಯ ಪಕ್ಕ.