ಉತ್ತರದ ಜಾಗ ಖಾಲಿ ಬಿಟ್ಟಿದ್ದ ನೋಟ್‌ಬುಕ್

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರಿಗೆ 23 ವರ್ಷ, ಮಲೆನಾಡಿನ ಹುಡುಗ. ಕ್ಯಾಥೋಲಿಕ್ ಧಾರ್ಮಿಕ ಸಭೆಯೊಂದು ನಡೆಸುವ ಚಿಕ್ಕ ಕಾಲೇಜಿನಲ್ಲಿ ತತ್ವಶಾಸ್ತ್ರದ ಎರಡನೇ ವರ್ಷ. ತರಗತಿಯಲ್ಲಿ ಹನ್ನೊಂದೇ ಜನ. ಒಬ್ಬ ಊಟ ಬಿಟ್ಟರೂ ಎಲ್ಲರಿಗೂ ತಿಳಿಯುತ್ತದೆ. ಮುಂದೆ ನಾಲ್ಕು ವರ್ಷ ದೈವಶಾಸ್ತ್ರ ಓದಿ ಗುರುದೀಕ್ಷೆ ಪಡೆದು ಪಾದ್ರಿಯಾಗಬೇಕು. ಮೂರು ವಾರದಿಂದ ನಿದ್ದೆ ಇಲ್ಲ.

"ಓದಿ ಓದಿ ವಿಶ್ವಾಸವೇ ಹೋಯ್ತು ಮೇಡಂ. ಬೆಳಿಗ್ಗೆ ಚರ್ಚಿನ ಬಲಿಪೂಜೆಯಲ್ಲಿ ಬಾಯಿ ಮಾತ್ರ ಆಡುತ್ತೆ."

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಮೊದಲ ಭೇಟಿಯಲ್ಲಿ ನಾನು ಮಾಡಿದ ತಪ್ಪೆಂದರೆ ವಾದಕ್ಕೆ ಕೂತದ್ದು. ನನಗೆ ಗೊತ್ತಿದ್ದ ಅಷ್ಟಿಷ್ಟು ತತ್ವಶಾಸ್ತ್ರವನ್ನೆಲ್ಲ ಹರಡಿದೆ. ಅವರು ನನಗಿಂತ ಚೆನ್ನಾಗಿ ಓದಿಕೊಂಡಿದ್ದರು.

ಎರಡನೇ ಸಲ ನೋಟ್‌ಬುಕ್ ತಂದರು. ದೇವರಿದ್ದಾನೆ ಎನ್ನಲು ಮಧ್ಯಯುಗದ ಕ್ರೈಸ್ತ ಚಿಂತಕ ಸಂತ ಥಾಮಸ್ ಅಕ್ವಿನಾಸ್ ತಮ್ಮ ದೈವಶಾಸ್ತ್ರ ಗ್ರಂಥ 'ಸುಮ್ಮಾ'ದಲ್ಲಿ ಕೊಡುವ ಐದು ದಾರಿಗಳು ಹೆಸರಾದವು. ಆದರೆ ಅವಕ್ಕೂ ಮೊದಲು ದೇವರಿಲ್ಲ ಎನ್ನುವವರ ಎರಡು ಆಕ್ಷೇಪಗಳನ್ನು ಅವರೇ ಬರೆದಿಟ್ಟಿದ್ದಾರೆ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ ಮೊದಲು, ಸಿದ್ಧಾಂತ ಆಮೇಲೆ ಬರುವ ಹಾಗೆಯೇ. ಬ್ರದರ್ (ದೀಕ್ಷೆಗೆ ಮುಂಚೆ ಇವರನ್ನು ಕರೆಯುವುದು ಹೀಗೆ) ಪೂರ್ವಪಕ್ಷವನ್ನಷ್ಟೇ ಅಚ್ಚುಕಟ್ಟಾಗಿ ಇಳಿಸಿಕೊಂಡಿದ್ದರು. ದೇವರು ಅಪಾರ ಒಳಿತಾಗಿದ್ದರೆ ಲೋಕದಲ್ಲಿ ಕೆಡುಕು ಇರಬಾರದಿತ್ತು, ಇದೆಯಲ್ಲ ಎಂಬ ಮೊದಲ ಆಕ್ಷೇಪದ ಕೆಳಗೆ ಅರ್ಧ ಪುಟ ಖಾಲಿ.

"ಇದಕ್ಕೆ ಉತ್ತರ ಏನು ಕೊಡ್ತಾರೆ?"

"ಕೆಡುಕಿನಿಂದಲೂ ಒಳಿತು ತರಬಲ್ಲವನಾದ್ದರಿಂದಲೇ ದೇವರು ಅದನ್ನು ಬಿಟ್ಟಿದ್ದಾನೆ ಅಂತ. ಸಂತ ಅಗಸ್ಟೀನರ ಮಾತು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ಬಿದ್ದದ್ದರಿಂದ ಯಾವ ಒಳಿತು ಬಂತು ಮೇಡಂ?"

ಇವರು ನೊವಿಶಿಯೇಟಿನಲ್ಲಿ, ಅಂದರೆ ವ್ರತ ತೆಗೆದುಕೊಳ್ಳುವ ಮುಂಚಿನ ತರಬೇತಿಯಲ್ಲಿ ಇದ್ದಾಗ, ಮೆಣಸು ಕೊಯ್ಯಲು ಏಣಿ ಹತ್ತಿದ್ದ ಅಪ್ಪ ಬಿದ್ದು ತೀರಿಕೊಂಡಿದ್ದರು. ಇವರು ಮಣ್ಣಿಗೆ ಹೋಗಿ ಮೂರನೇ ದಿನಕ್ಕೆ ಮರಳಿದರು. ಹೆಚ್ಚು ದಿನ ಹೊರಗಿದ್ದರೆ ನೊವಿಶಿಯೇಟ್ ಕೆಟ್ಟುಹೋಗುತ್ತದೆಂದು ಯಾರೋ ಹೇಳಿದ್ದರಂತೆ. ಆಮೇಲೆ ನಾನು ಕುತೂಹಲಕ್ಕೆ ನೋಡಿದೆ: ಕ್ಯಾಥೋಲಿಕ್ ಧರ್ಮಸಭೆಯ 1983ರ ಕಾನೂನಿನ ಪ್ರಕಾರ 15 ದಿನ ಮೀರಿದರೆ ಆ ದಿನಗಳನ್ನು ತುಂಬಿಕೊಡಬೇಕು, ಮೂರು ತಿಂಗಳು ಮೀರಿದರೆ ಮಾತ್ರ ನೊವಿಶಿಯೇಟ್ ಅಸಿಂಧು. ಏಳನೇ ದಿನದ ಪೂಜೆಗೆ ಇರಬಹುದಿತ್ತು. ಇದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಯಾರಿಗೂ ಉಪಕಾರವಾಗುತ್ತಿರಲಿಲ್ಲ.

ಓದು ವಿಶ್ವಾಸವನ್ನು ಕಿತ್ತುಕೊಂಡಿರಲಿಲ್ಲ. ಅಳದೆ ಉಳಿದಿದ್ದ ದುಃಖಕ್ಕೆ ಅದೊಂದು ವಾಕ್ಯ ಕೊಟ್ಟಿತ್ತು, ಅಷ್ಟೆ. ಹಾಗಾಗಿ ಮೊದಲ ಸಲಹೆ ಓದಿನ ಬಗ್ಗೆ ಅಲ್ಲ: ರಜೆ ಕೇಳಿ ಊರಿಗೆ ಹೋಗಿ, ಅಪ್ಪನ ಸಮಾಧಿಯ ಹತ್ತಿರ ಕೂತು ಬನ್ನಿ, ಆ ಖಾಲಿ ಅರ್ಧ ಪುಟವನ್ನು ಸದ್ಯ ಖಾಲಿಯೇ ಬಿಡಿ.

ಮನಸ್ಸಿನ ಮಾತು ಹೇಳಿಕೊಳ್ಳಲೆಂದೇ ಇರುವ ಆಧ್ಯಾತ್ಮಿಕ ನಿರ್ದೇಶಕರಿಗೆ ಏಕೆ ಹೇಳಿಲ್ಲ ಎಂದದ್ದಕ್ಕೆ, "ರೆಕ್ಟರ್ ಕಿವಿಗೆ ಬಿದ್ದರೆ ಮನೆಗೆ ಕಳಿಸ್ತಾರೆ" ಎಂದರು. ರೆಕ್ಟರ್ ಎಂದರೆ ಸಂಸ್ಥೆಯ ಮುಖ್ಯಸ್ಥರು. ಹಾಗಾಗಬಾರದೆಂದೇ ಕಾನೂನಿದೆ. ಒಬ್ಬರನ್ನು ದೀಕ್ಷೆಗೆ ಒಪ್ಪುವಾಗಲಾಗಲಿ ಗುರುಮಠದಿಂದ (ಪಾದ್ರಿಗಳನ್ನು ತಯಾರು ಮಾಡುವ ಸಂಸ್ಥೆಯಿಂದ) ಕಳಿಸುವಾಗಲಾಗಲಿ ಆಧ್ಯಾತ್ಮಿಕ ನಿರ್ದೇಶಕರ, ಪಾಪನಿವೇದನೆ ಕೇಳುವವರ ಅಭಿಪ್ರಾಯ ಕೇಳುವಂತಿಲ್ಲ ಎನ್ನುತ್ತದೆ ಅದೇ 1983ರ ಕಾನೂನಿನ 240ನೇ ವಿಧಿ. ಒಳಗೇ ಇದ್ದವರಿಗೆ ಹೊರಗಿನವಳಾದ ನಾನು ಇದನ್ನು ಹೇಳಬೇಕಾಯಿತು!

ಇನ್ನೊಂದು ಭಯ ಅಮ್ಮನದು. ಊರಲ್ಲಿ ಆಕೆಯನ್ನು ಈಗಾಗಲೇ "ಫಾದರ್ ಅಮ್ಮ" ಎಂದೇ ಕರೆಯುತ್ತಾರೆ. ಇವರು ಸಭೆಯಲ್ಲಿ ತೆಗೆದುಕೊಂಡಿರುವುದು ಇಷ್ಟು ಕಾಲಕ್ಕೆಂದು ಮಾತ್ರ ಇರುವ ತಾತ್ಕಾಲಿಕ ವ್ರತ, ಮೇನಲ್ಲಿ ಅವಧಿ ಮುಗಿಯುತ್ತದೆ. ಮುಗಿದ ಮೇಲೆ ಬಿಡುವ ಸ್ವಾತಂತ್ರ್ಯವಿದೆ, ಓಡಿಹೋದ ಹಾಗಲ್ಲ. ಪರೀಕ್ಷೆಯ ನಡುವೆ, ನಿದ್ದೆಗೆಟ್ಟ ರಾತ್ರಿಗಳಲ್ಲಿ ಈ ತೀರ್ಮಾನ ಬೇಡ, ಅಮ್ಮನ ಹತ್ತಿರ ಇದನ್ನು ಫೋನಿನಲ್ಲಿ ಮಾತಾಡುವುದೂ ಬೇಡ ಎಂದೆ. ನಿದ್ದೆಗಾಗಿ ವೈದ್ಯರ ಬಳಿ ಕಳಿಸಿದೆ.

ಊರಿಗೆ ಹೋಗಿ ಬಂದರು. ಅಮ್ಮ ಹೇಳಿದ್ದಿಷ್ಟೇ: "ನಿನ್ನಪ್ಪನಿಗೂ ನೀನು ಹೋಗೋದು ಅಷ್ಟು ಇಷ್ಟ ಇರಲಿಲ್ಲ ಕಣೋ, ನಾನೇ ಒಪ್ಪಿಸಿದ್ದು."

ಮೇನಲ್ಲಿ ಒಂದು ವರ್ಷಕ್ಕೆ ವ್ರತ ನವೀಕರಿಸಿಕೊಂಡರು. ದೈವಶಾಸ್ತ್ರಕ್ಕೆ ಹೋಗುತ್ತಾರೋ ಇಲ್ಲವೋ ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ. ನಿದ್ದೆ ಬರುತ್ತಿದೆಯಂತೆ.